21ನೆಯ ದಿನದ ಲೆಕ್ಕ

ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆ, ಸಂಕಷ್ಟಿಗಳ ಜೊತೆಗೆ ಕೆಂಪು ಪೆನ್ನಿನ ಇನ್ನೊಂದು ಗುರುತೂ ಇರುತ್ತದೆ. ಮಗಳಿಗೆ ಬೀಟಾ ಥಲಸ್ಸೇಮಿಯಾ ಮೇಜರ್ ಇದೆಯೆಂದು ಅವಳ ಎಂಟನೆಯ ತಿಂಗಳಿನಲ್ಲಿ ತಿಳಿದಂದಿನಿಂದ ಈ ಗುರುತು ಬೀಳುತ್ತ ಬಂದಿದೆ. ಮೊದಮೊದಲು ತಿಂಗಳಿಗೊಂದು, ಅವಳು ಬೆಳೆಯುತ್ತ ಹೋದಂತೆ 21 ದಿನಗಳಿಗೊಂದು. ಆ ದಿನ ಅವಳಿಗೆ ರಕ್ತ ಏರಿಸಬೇಕು. ಮದುವೆ, ಜಾತ್ರೆ, ನನ್ನ ಶಾಲೆಯ ಪರೀಕ್ಷೆ, ಹೊಲದ ಮೆಣಸಿನಕಾಯಿ ಕೊಯ್ಲು, ಎಲ್ಲವನ್ನೂ ಆ ಗುರುತಿನ ಆಚೆಗೋ ಈಚೆಗೋ ಸರಿಸಿಕೊಂಡು ಬದುಕಿದವರು ನಾವು. ಪ್ರಥಮ ಪಿಯುಸಿಯ ದಸರಾ ರಜೆಯಲ್ಲಿ ಅವಳು ಮುಂದೆ ಬಿ.ಎಸ್ಸಿ. ಕೃಷಿ ಓದುತ್ತೇನೆಂದು, ಅದನ್ನೂ ಹಾಸ್ಟೆಲಿನಲ್ಲಿದ್ದೇ ಓದುತ್ತೇನೆಂದು ಹೇಳಿದಾಗ, ಮೊದಲ ಬಾರಿಗೆ ನಾಲ್ಕು ವರ್ಷಗಳ ಕೆಂಪು ಗುರುತುಗಳನ್ನು ಒಟ್ಟಿಗೆ ಹಾಕಿ ನೋಡುವ ಪ್ರಸಂಗ ಬಂತು. ಆಗಿನಿಂದ ಈಗಿನವರೆಗೆ ಒಂದೂವರೆ ವರ್ಷ ನಾವು ಹಾಕಿದ ಲೆಕ್ಕವನ್ನು, ಅದರಲ್ಲಿ ನಾನು ತಪ್ಪಿದ ಕಡೆಗಳನ್ನೂ ಸೇರಿಸಿ, ಇಲ್ಲಿ ಬರೆದಿಡುತ್ತಿದ್ದೇನೆ.

ಕಾಯಿಲೆಯ ಬಗ್ಗೆ ಸ್ವಲ್ಪ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಅವಳ ದೇಹ ಸರಿಯಾದ ಹಿಮೋಗ್ಲೋಬಿನ್ ತಯಾರಿಸುವುದಿಲ್ಲವಾದ್ದರಿಂದ ಹೊರಗಿನ ರಕ್ತ ಬೇಕು. ರಕ್ತ ಏರಿಸಿದ ಮರುದಿನ 12ರ ಆಸುಪಾಸಿನಲ್ಲಿರುವ ಹಿಮೋಗ್ಲೋಬಿನ್ ವಾರಕ್ಕೆ ಹೆಚ್ಚುಕಡಿಮೆ ಒಂದರಂತೆ ಇಳಿಯುತ್ತ 21ನೆಯ ದಿನಕ್ಕೆ ಒಂಬತ್ತು, ಒಂಬತ್ತೂವರೆಗೆ ಬಂದು ನಿಲ್ಲುತ್ತದೆ. ಆದರೆ ರಕ್ತವೇ ಇನ್ನೊಂದು ತೊಂದರೆಯನ್ನು ಹೊತ್ತು ತರುತ್ತದೆ. ಪ್ರತಿ ಬಾಟಲಿಯ ಜೊತೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ಒಳಗೆ ಹೋಗುತ್ತದೆ. ಅದನ್ನು ಹೊರಗೆ ಹಾಕುವ ದಾರಿ ಮನುಷ್ಯನ ದೇಹಕ್ಕೆ ಇಲ್ಲ. ವರ್ಷಕ್ಕೆ 17 ಸಲ, ಸಲಕ್ಕೆ ಎರಡು ಬಾಟಲಿ ಎಂದರೆ ಹತ್ತಿರ ಹತ್ತಿರ 7 ಗ್ರಾಂ ಕಬ್ಬಿಣ. ಆರೋಗ್ಯವಂತ ವಯಸ್ಕರ ಇಡೀ ಮೈಯಲ್ಲಿ ಇರುವುದೇ 3ರಿಂದ 4 ಗ್ರಾಂ. ಇದು ಹೃದಯ, ಯಕೃತ್ತು, ಹಾರ್ಮೋನು ಗ್ರಂಥಿಗಳಲ್ಲಿ ಕೂರದಂತೆ ದಿನವೂ ಮಾತ್ರೆ ನುಂಗಬೇಕು. ಮಗಳು ಬೆಳಿಗ್ಗೆ ಡಿಫೆರಸಿರಾಕ್ಸ್, ದಿನಕ್ಕೆ ಮೂರು ಹೊತ್ತು ಡಿಫೆರಿಪ್ರೋನ್ ತೆಗೆದುಕೊಳ್ಳುತ್ತಾಳೆ. ಕಬ್ಬಿಣ ಈಗಾಗಲೇ ಥೈರಾಯ್ಡ್ ಗ್ರಂಥಿಯನ್ನು ಕೆಡಿಸಿರುವುದರಿಂದ ಖಾಲಿ ಹೊಟ್ಟೆಯ ಮಾತ್ರೆ ಬೇರೆ, ಮೂಳೆಗೆಂದು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬೇರೆ. ಅಸ್ಥಿಮಜ್ಜೆಯ ಕಸಿಯ ಮಾತೂ ಬಂದಿತ್ತು; ಒಡಹುಟ್ಟಿದವರ ಅಂಗಾಂಶ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ನಮ್ಮ ಮಗನದು ಆ ಒಂದಾಗಲಿಲ್ಲ.

ಕೃಷಿಯನ್ನೇ ಏಕೆ ಆರಿಸಿಕೊಂಡಳು ಎಂದು ನೆಂಟರು ಕೇಳುತ್ತಾರೆ. ಬ್ಯಾಡಗಿ ಸೀಮೆಯಲ್ಲಿ ಹುಟ್ಟಿದ ಹುಡುಗಿ, ಅಜ್ಜನ ಜೊತೆ ಮೆಣಸಿನ ಹೊಲದ ಬದುವಿನಲ್ಲಿ ಬೆಳೆದವಳು. ಎಲೆ ಮುಟುರಿದ ಗಿಡವನ್ನು ಕಂಡರೆ ಅದು ಥ್ರಿಪ್ಸ್ ನುಸಿಯೋ ಮೈಟ್ ನುಸಿಯೋ ಎಂದು ಎಲೆ ಮೇಲಕ್ಕೆ ಮಡಚಿದೆಯೋ ಕೆಳಕ್ಕೋ ನೋಡಿ ಹೇಳುತ್ತಾಳೆ. ಆದರೆ ನನಗೆ ಮೊದಲು ಕಣ್ಣಿಗೆ ಬಂದದ್ದು ಬಿಸಿಲು. ಮೂರನೆಯ ವಾರದಲ್ಲಿ ಮಹಡಿಯ ಮೆಟ್ಟಿಲು ಹತ್ತಿದರೂ ಏದುಸಿರು ಬಿಡುವವಳು, ಬೆಳಿಗ್ಗೆ ಏಳಕ್ಕೆ ತಾಕಿನಲ್ಲಿ ಗುದ್ದಲಿ ಹಿಡಿದು ನಿಲ್ಲುವುದು ಹೇಗೆ? ವಾಣಿಜ್ಯ ಓದು, ಬ್ಯಾಂಕಿನ ಪರೀಕ್ಷೆ ಬರೆ, ಫ್ಯಾನಿನ ಕೆಳಗೆ ಕೆಲಸ ಎಂದು ತಿಂಗಳುಗಟ್ಟಲೆ ಹೇಳಿದೆ. ಅವಳು ಪಿಯುಸಿಗೆ ವಿಜ್ಞಾನ ತೆಗೆದುಕೊಂಡದ್ದೇ ಇದಕ್ಕಾಗಿ ಎಂಬುದನ್ನು ನಾನು ಆ ತಿಂಗಳುಗಳಲ್ಲಿ ಮರೆತೇ ಬಿಟ್ಟಿದ್ದೆನೆಂದು ತೋರುತ್ತದೆ. ಕೊನೆಗೆ ನಮ್ಮ ವೈದ್ಯರು ಒಂದೇ ಮಾತಿನಲ್ಲಿ ಮುಗಿಸಿದರು: ರಕ್ತ ಏರಿಸುವ ಮುನ್ನಿನ ಹಿಮೋಗ್ಲೋಬಿನ್ ಒಂಬತ್ತಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಂಡರೆ ಅವಳು ಹೊಲಕ್ಕೂ ಹೋಗಬಹುದು, ಬ್ಯಾಂಕಿಗೂ ಹೋಗಬಹುದು, ಅದನ್ನು ಕೆಳಗೆ ಬಿಟ್ಟರೆ ಎರಡಕ್ಕೂ ಆಗುವುದಿಲ್ಲ.

ಅಲ್ಲಿಗೆ ಪ್ರಶ್ನೆ ಬದಲಾಯಿತು. ಯಾವ ಕೋರ್ಸು ಎಂಬುದಕ್ಕಿಂತ, ಯಾವ ಊರಿನಲ್ಲಿದ್ದರೆ 21ನೆಯ ದಿನ ತಪ್ಪುವುದಿಲ್ಲ ಎಂಬುದು ಮುಖ್ಯವಾಯಿತು. ಒಂದು ಸೆಮಿಸ್ಟರನ್ನು 18 ವಾರವೆಂದು ಹಿಡಿದರೆ ಆರು ಸಲ ರಕ್ತ. ಒಂದು ಬಾಟಲಿಗೆ ಮೂರರಿಂದ ನಾಲ್ಕು ಗಂಟೆ. ಹಿಂದಿನ ದಿನವೇ ಅವಳ ರಕ್ತದ ಮಾದರಿ ಕೊಟ್ಟು, ದಾನಿಯ ರಕ್ತ ಅದಕ್ಕೆ ಹೊಂದುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್ ಮಾಡಿಸಬೇಕು. ಆಸ್ಪತ್ರೆ ಮೂರು ಗಂಟೆ ದೂರವಿದ್ದರೆ ಸಲಕ್ಕೆ ಎರಡು ಪೂರ್ಣ ದಿನ, ಸೆಮಿಸ್ಟರಿಗೆ 12 ದಿನ, ಕಣ್ಣು–ಕಿವಿ ತಪಾಸಣೆ ಹಾಗೂ ಹೃದಯದ ಎಂಆರ್‌ಐ ಸೇರಿದರೆ ಇನ್ನೂ ಎರಡು ದಿನ. ಜ್ವರ, ನೆಗಡಿ, ಹಬ್ಬ ಇದರಲ್ಲಿ ಬಂದಿಲ್ಲ. ಆಸ್ಪತ್ರೆ ಮುಕ್ಕಾಲು ಗಂಟೆಯ ದಾರಿಯಲ್ಲಿದ್ದು, ಮಾದರಿಯನ್ನು ಸಂಜೆ ತರಗತಿ ಮುಗಿದ ಮೇಲೆ ಕೊಟ್ಟು ಬರುವಂತಿದ್ದರೆ ಅದೇ ಲೆಕ್ಕ ಆರು ದಿನಕ್ಕೆ ಇಳಿಯುತ್ತದೆ. ರಕ್ತ ಏರಿಸುವವರು ಶನಿವಾರಕ್ಕೆ ಒಪ್ಪಿದರೆ ಮೂರೋ ನಾಲ್ಕೋ. ಹಾಜರಾತಿಯ ವಿಷಯದಲ್ಲಿ ಯಾರ ಕರುಣೆಯನ್ನೂ ಬೇಡದೆ ಓದಬಹುದಾದ ಸ್ಥಿತಿಗೂ, ಪ್ರತಿ ಸೆಮಿಸ್ಟರಿನ ಕೊನೆಗೆ ವೈದ್ಯಕೀಯ ಪ್ರಮಾಣಪತ್ರ ಹಿಡಿದು ಕೋಣೆಯಿಂದ ಕೋಣೆಗೆ ಅಲೆಯುವ ಸ್ಥಿತಿಗೂ ನಡುವೆ ಇರುವುದು ಈ ದಾರಿಯ ಗಂಟೆಗಳೇ.

ನಾಲ್ಕು ಕಡೆಗಳನ್ನು ಕಾಗದದ ಮೇಲೆ ಬರೆದೆವು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ, 1986ರಲ್ಲಿ ಆರಂಭವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಎತ್ತಿನಗುಡ್ಡದ ಆವರಣ, ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯ ಮತ್ತು ನಮ್ಮ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ಕಾಲೇಜು. ಚಿಕಿತ್ಸೆಯ ದೃಷ್ಟಿಯಿಂದ ಬೆಂಗಳೂರಿಗೆ ಸಾಟಿಯಿಲ್ಲ. ಥಲಸ್ಸೇಮಿಯಾಕ್ಕೆಂದೇ ಹಗಲು ಚಿಕಿತ್ಸಾ ಕೇಂದ್ರಗಳಿವೆ, ಹೃದಯದಲ್ಲಿ ಕೂತ ಕಬ್ಬಿಣವನ್ನು ಅಳೆಯುವ ಎಂಆರ್‌ಐ ಇದೆ. ಆದರೆ ನಗರದ ಉತ್ತರದ ತುದಿಯ ಆವರಣದಿಂದ ಇನ್ನೊಂದು ಮೂಲೆಗೆ ಹೋಗಿಬರುವ ಹೊತ್ತಿನಲ್ಲಿ ಹುಬ್ಬಳ್ಳಿಯಿಂದ ನಮ್ಮ ಊರಿಗೇ ಬಂದುಬಿಡಬಹುದು. ಇರುವಕ್ಕಿಯ ಹಸಿರು ಅವಳಿಗೆ ಮೆಚ್ಚುಗೆಯಾಗಿತ್ತು; ರಾತ್ರಿ ಜ್ವರ ಬಂದರೆ ಶಿವಮೊಗ್ಗಕ್ಕೆ ಹೋಗಬೇಕಲ್ಲ ಎಂಬ ಯೋಚನೆಯಿಂದ ಕೈಬಿಟ್ಟೆವು. ನನ್ನ ಮನಸ್ಸು ಹನುಮನಮಟ್ಟಿಯಲ್ಲೇ ಇತ್ತು: ಮನೆಯಿಂದ ಅರ್ಧ ಗಂಟೆ, ದಿನವೂ ಅಮ್ಮನ ಕೈಯೂಟ, ಹಳೆಯ ಆಸ್ಪತ್ರೆ, ಹಳೆಯ ನರ್ಸು. ಆ ಕಾಗದವನ್ನು ನೋಡಿ ಮಗಳು ಕೇಳಿದಳು: "ಅಪ್ಪಾ, ನೀ ಕಾಲೇಜ್ ನೋಡಾಕತ್ತಿಯೋ, ದವಾಖಾನಿ ನೋಡಾಕತ್ತಿಯೋ?"

ಎರಡನ್ನೂ ನೋಡುತ್ತಿದ್ದೇನೆ ಎಂದೆ. ಅದು ಪೂರ್ತಿ ನಿಜವಾಗಿರಲಿಲ್ಲ. ನಾನು ಹುಡುಕುತ್ತಿದ್ದದ್ದು ಅವಳು ಮನೆಯಲ್ಲೇ ಉಳಿಯುವುದಕ್ಕೆ ಒಂದು ವೈದ್ಯಕೀಯ ಕಾರಣವನ್ನು. ಅವಳು ಧಾರವಾಡವನ್ನು ಮೊದಲಿಗಿಟ್ಟು ನನ್ನ ಲೆಕ್ಕದಿಂದಲೇ ನನ್ನನ್ನು ಸೋಲಿಸಿದಳು: ಆವರಣದಿಂದ ಹುಬ್ಬಳ್ಳಿಗೆ ಸುಮಾರು 20 ಕಿಲೋಮೀಟರ್, ಅವಳಿ ನಗರಗಳ ನಡುವೆ ಓಡುವ ಚಿಗರಿ ಬಸ್ಸಿಗೆ ಪ್ರತ್ಯೇಕ ಪಥ, ಒಂದಕ್ಕಿಂತ ಹೆಚ್ಚು ರಕ್ತನಿಧಿ, ದೊಡ್ಡ ಸರ್ಕಾರಿ ವೈದ್ಯಕೀಯ ಕಾಲೇಜು, ಬೇಕೆಂದರೆ ಎರಡೂವರೆ ಗಂಟೆಯಲ್ಲಿ ನಾವು ಅಲ್ಲಿರಬಹುದು.

ಆಸ್ಪತ್ರೆ ಬದಲಿಸುವುದೆಂದರೆ ಫೈಲನ್ನು ಎತ್ತಿಕೊಂಡು ಹೋಗುವುದು ಎಂದಷ್ಟೇ ನಾನು ತಿಳಿದಿದ್ದೆ. ಇಲ್ಲಿ ನಾವು ಒಂದು ದೊಡ್ಡ ಅಪಾಯದಿಂದ ಪಾರಾದೆವು. ಮಗಳಿಗೆ 11 ವರ್ಷವಾಗಿದ್ದಾಗ, ಪದೇ ಪದೇ ಬೇರೆಯವರ ರಕ್ತ ಪಡೆದ ಕಾರಣ, ಇ ಎಂಬ ಹೆಸರಿನ ರಕ್ತಗುಂಪಿನ ಅಂಶಕ್ಕೆ ಅವಳ ಮೈಯಲ್ಲಿ ಪ್ರತಿಕಾಯ ಹುಟ್ಟಿಕೊಂಡಿತ್ತು. ಅಂದಿನಿಂದ ಆ ಅಂಶವಿಲ್ಲದ ಬಾಟಲಿಯನ್ನೇ ಆರಿಸಿ ಕೊಡುತ್ತಾರೆ. ಇಂಥ ಪ್ರತಿಕಾಯಗಳ ಪ್ರಮಾಣ ವರ್ಷಗಳು ಕಳೆದಂತೆ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಬಹುದಂತೆ. ಆದರೆ ದೇಹ ಅದನ್ನು ಮರೆತಿರುವುದಿಲ್ಲ, ಮತ್ತೆ ಅಂಥ ರಕ್ತ ಹೋದರೆ ಕೆಲವೇ ದಿನಗಳಲ್ಲಿ ಅದನ್ನು ಒಡೆದುಹಾಕುತ್ತದೆ. ಹೊಸ ರಕ್ತನಿಧಿಯವರು ಹೊಸದಾಗಿ ಪರೀಕ್ಷಿಸಿ ಏನೂ ಇಲ್ಲವೆಂದು ಸಾಮಾನ್ಯ ಬಾಟಲಿ ಕೊಟ್ಟಿದ್ದರೆ ಅವರದು ತಪ್ಪೆನ್ನುವಂತಿರಲಿಲ್ಲ. ನಮ್ಮ ಹಳೆಯ ರಕ್ತನಿಧಿಯ ತಂತ್ರಜ್ಞರೊಬ್ಬರು ತಾವಾಗಿಯೇ ಕರೆದು, ಅವಳ ರಕ್ತದ ಪೂರ್ಣ ವಿವರ ಮತ್ತು ಪ್ರತಿಕಾಯ ಮೊದಲು ಕಂಡ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಮೊಹರು ಹಾಕಿಕೊಟ್ಟರು. ಅದನ್ನು ಲ್ಯಾಮಿನೇಟ್ ಮಾಡಿಸಿ ಮೂರು ಪ್ರತಿ ಇಟ್ಟಿದ್ದೇವೆ. ಬೇರೆ ಊರಿಗೆ ಮಕ್ಕಳನ್ನು ಕಳಿಸುವ ಥಲಸ್ಸೇಮಿಯಾ ಕುಟುಂಬಗಳಿಗೆ ನಾನು ಒಂದೇ ಒಂದು ಮಾತು ಹೇಳಬಹುದಾದರೆ ಈ ಚೀಟಿಯ ಮಾತನ್ನೇ ಹೇಳುತ್ತೇನೆ.

ಸರ್ಕಾರಿ ರಕ್ತನಿಧಿಗಳಲ್ಲಿ ಥಲಸ್ಸೇಮಿಯಾ ಇರುವವರಿಗೆ ರಕ್ತ ಉಚಿತ. ಕೊರತೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಕಾಲೇಜುಗಳಿಗೆ ರಜೆ ಬಿದ್ದ ಕೂಡಲೇ ರಕ್ತದಾನ ಶಿಬಿರಗಳು ನಿಲ್ಲುತ್ತವೆ, ಬಾಟಲಿಗಳು ಖಾಲಿಯಾಗುತ್ತವೆ. ಇಷ್ಟು ವರ್ಷ ಅವಳನ್ನು ನಡೆಸಿದ ರಕ್ತದಲ್ಲಿ ಬಹುಪಾಲು ಹೆಸರು ಗೊತ್ತಿಲ್ಲದ ಕಾಲೇಜು ಹುಡುಗ ಹುಡುಗಿಯರದೇ ಇರಬೇಕು ಎಂದು ನನ್ನ ಹೆಂಡತಿ ಆಗಾಗ ಹೇಳುತ್ತಾಳೆ. ಈಗ ಮಗಳು ಅವರ ನಡುವೆಯೇ ಹೋಗಿ ಕೂರುತ್ತಾಳೆ.

ವಯಸ್ಸಿನದು ಇನ್ನೊಂದು ತೊಡಕು. ಇದುವರೆಗೆ ಅವಳು ಮಕ್ಕಳ ವಾರ್ಡಿನ ಹುಡುಗಿ. ಗೋಡೆಯ ಮೇಲೆ ಕರಡಿಯ ಚಿತ್ರ, ಹೆಸರು ಹಿಡಿದು ಕರೆಯುವ ಸಿಸ್ಟರ್, ಅಕ್ಕಪಕ್ಕದ ಹಾಸಿಗೆಯಲ್ಲಿ ಅದೇ 21 ದಿನಗಳ ಗೆಳತಿಯರು. 18 ತುಂಬಿದ ಮೇಲೆ ದೊಡ್ಡವರ ವಿಭಾಗಕ್ಕೆ ಹೋಗಬೇಕು. ಅಲ್ಲಿ ರಕ್ತರೋಗದ ತಜ್ಞರು ಸಿಕ್ಕರೆ ಅದೃಷ್ಟ, ಇಲ್ಲದಿದ್ದರೆ ಸಾಮಾನ್ಯ ವೈದ್ಯಕೀಯ ವಿಭಾಗದ ಉದ್ದನೆಯ ಸಾಲು. ಊರು, ಕಾಲೇಜು, ವೈದ್ಯರು ಮೂರೂ ಒಂದೇ ಆಗಸ್ಟಿನಲ್ಲಿ ಬದಲಾಗುವುದು ಬೇಡವೆಂದು, ದ್ವಿತೀಯ ಪಿಯುಸಿಯ ದೀಪಾವಳಿ ರಜೆಯಲ್ಲೇ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ವೈದ್ಯರನ್ನು ಕಂಡು, ಆರು ತಿಂಗಳ ಕಾಲ ಒಂದು ಸಲ ಅಲ್ಲಿ, ಒಂದು ಸಲ ಇಲ್ಲಿ ಎಂಬಂತೆ ರಕ್ತ ಏರಿಸಿಕೊಂಡೆವು. ಸಿಇಟಿ ಬಂದದ್ದು 19ನೆಯ ದಿನಕ್ಕೆ. ಆಸ್ಪತ್ರೆಗೆ ಮೊದಲೇ ಹೇಳಿ ಆ ಸಲದ ರಕ್ತವನ್ನು ಐದು ದಿನ ಮುಂಚೆಯೇ ಏರಿಸಿಕೊಂಡೆವು. ಪರೀಕ್ಷೆಯ ವೇಳಾಪಟ್ಟಿ ಬಂದ ದಿನವೇ ಎಣಿಸಿ ನೋಡಿದ್ದು ಅವಳು, ನಾನಲ್ಲ.

ಮೀಸಲಾತಿಯ ವಿಷಯಕ್ಕೆ ಮನೆಯಲ್ಲಿ ಜಗಳವೇ ಆಯಿತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಷ್ಟೇ ಇದ್ದವು, ರಕ್ತದ ಕಾಯಿಲೆ ಇರಲಿಲ್ಲ. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿ ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕಾಯಿಲೆಗಳನ್ನು ಸೇರಿಸಿತು. ಅದರ 32ನೆಯ ಸೆಕ್ಷನ್ ಪ್ರಕಾರ ಸರ್ಕಾರಿ ಮತ್ತು ಸರ್ಕಾರದ ನೆರವು ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ, ಶೇ. 40 ಅಥವಾ ಹೆಚ್ಚಿನ ವೈಕಲ್ಯವಿದೆಯೆಂದು ಪ್ರಮಾಣೀಕೃತರಾದವರಿಗೆ ಶೇ. 5ಕ್ಕೆ ಕಡಿಮೆಯಿಲ್ಲದಷ್ಟು ಸೀಟುಗಳು ಮೀಸಲು, ವಯಸ್ಸಿನ ಮಿತಿಯಲ್ಲೂ ಐದು ವರ್ಷ ಸಡಿಲಿಕೆ. ಅಂಗವಿಕಲರಿಗೆ ಕೊಡುವ ಯುಡಿಐಡಿ ಎಂಬ ಗುರುತಿನ ಕಾರ್ಡಿಗೆ ಅರ್ಜಿ ಹಾಕಿದ್ದು ಅವಳು ಹತ್ತನೆಯ ತರಗತಿಯಲ್ಲಿದ್ದಾಗ. ಸಿಇಟಿ ಅರ್ಜಿಯ ಹೊತ್ತಿಗೆ ಓಡಾಡಲು ಹೊರಟಿದ್ದರೆ ಖಂಡಿತ ತಪ್ಪಿಹೋಗುತ್ತಿತ್ತು. ಆದರೆ ಕಾರ್ಡು ಕೈಯಲ್ಲಿದ್ದರೂ ಅವಳು ಅದನ್ನು ಬಳಸಲು ಒಪ್ಪಲಿಲ್ಲ. ನಡೆಯಲು ಬರುತ್ತದೆ, ಓದಲು ಬರುತ್ತದೆ, ಬೇರೆಯವರ ಸೀಟು ನನಗೇಕೆ ಎಂದಳು. ಅವಳ ಅಣ್ಣ, ವರ್ಷಕ್ಕೆ 17 ದಿನ ಹಾಸಿಗೆಯ ಮೇಲೆ ಕಳೆದು ಬರೆದ ಪರೀಕ್ಷೆಯನ್ನು ಉಳಿದವರ ಪರೀಕ್ಷೆಯ ಜೊತೆ ಇಟ್ಟು ತೂಗುವುದು ಯಾವ ನ್ಯಾಯ ಎಂದು ಕೇಳಿದ. ಕೃಷಿಕರ ಮಕ್ಕಳ ಕೋಟಾದ ಪ್ರಾಯೋಗಿಕ ಪರೀಕ್ಷೆಯನ್ನೂ ಬರೆದಿದ್ದಳಾದ್ದರಿಂದ, ಸಾಲು ಸಾಲು ಬೀಜ, ಕಾಳು, ಉಪಕರಣಗಳನ್ನು ಗುರುತಿಸಿ ತನ್ನ ಬಲದಿಂದಲೇ ಸೀಟು ಬರುತ್ತದೆಂಬ ಧೈರ್ಯ ಅವಳಿಗಿತ್ತು. ಕಡೆಗೆ ಅರ್ಜಿಯಲ್ಲಿ ಎರಡನ್ನೂ ತುಂಬಿದಳು. ಮನಸ್ಸು ಒಪ್ಪಿ ತುಂಬಿದಳೋ ನಮ್ಮ ಬಾಯಿ ಮುಚ್ಚಿಸಲು ತುಂಬಿದಳೋ ಇನ್ನೂ ತಿಳಿದಿಲ್ಲ.

ಯಾರಿಗೆ ಏನು ಹೇಳಬೇಕು ಎಂಬುದನ್ನು ತೀರ್ಮಾನಿಸಲು ಹೆಚ್ಚು ದಿನ ಹಿಡಿಯಿತು. ಮುನ್ನೆಚ್ಚರಿಕೆಗೆಂದು ವಿಚಾರಿಸಲು ಹೋಗಿದ್ದ ಒಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ, ಹಾಸ್ಟೆಲಿನಲ್ಲಿ ಏನಾದರೂ ಆದರೆ ಸಂಸ್ಥೆ ಹೊಣೆಯಲ್ಲವೆಂದು ಛಾಪಾ ಕಾಗದದ ಮೇಲೆ ಬರೆದುಕೊಡಿ ಎಂದಿದ್ದರು. ಆ ದಿನ ಮರಳಿ ಬರುವಾಗ ಬಸ್ಸಿನಲ್ಲಿ ಮಗಳು, ಇನ್ನು ಮೇಲೆ ಎಲ್ಲಿಯೂ ಮೊದಲೇ ಹೇಳುವುದು ಬೇಡ ಎಂದಿದ್ದಳು. ಅವಳ ಮಾತಿನಲ್ಲಿ ಅರ್ಥವಿತ್ತು. ಆದರೆ ಹೇಳದೇ ಇರುವುದರ ಅಪಾಯವನ್ನೂ ನಾವು ನೋಡಿದ್ದೆವು. ಶಾಲೆಗಳಲ್ಲಿ ವಾರಕ್ಕೊಮ್ಮೆ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಹಂಚುತ್ತಾರೆ, ನಾನೇ ನನ್ನ ಶಾಲೆಯ ಮಕ್ಕಳಿಗೆ ನುಂಗಿಸುತ್ತೇನೆ, ಒಳ್ಳೆಯ ಯೋಜನೆ. ಎಂಟನೆಯ ತರಗತಿಯಲ್ಲಿ ಹೊಸದಾಗಿ ಬಂದ ಶಿಕ್ಷಕಿಯೊಬ್ಬರು ಇವಳ ಬಿಳಿಚಿದ ಮುಖ ಕಂಡು, ನಿನಗೇ ಮೊದಲು ಬೇಕಾದದ್ದು ಇದು ಎಂದು ಎದುರು ನಿಂತು ನುಂಗಿಸಿದ್ದರು. ಕಬ್ಬಿಣವನ್ನು ಹೊರಹಾಕಲು ದಿನವೂ ಮಾತ್ರೆ ತಿನ್ನುವ ಹುಡುಗಿಗೆ ಕಬ್ಬಿಣದ ಮಾತ್ರೆ! ಒಂದು ಮಾತ್ರೆಯಿಂದ ಏನೂ ಆಗಲಿಲ್ಲ. ಆದರೆ ರಕ್ತ ಕಡಿಮೆಯಿದೆ ಎಂದು ಕೇಳಿದವರ ಕೈ ಟಾನಿಕ್ಕಿನ ಬಾಟಲಿಯ ಕಡೆಗೇ ಹೋಗುತ್ತದೆ.

ಹಾಗಾಗಿ ಒಂದು ಪುಟದ ಪತ್ರ ಸಿದ್ಧಪಡಿಸಿದೆವು. ಸೀಟು ಖಚಿತವಾದ ಮೇಲೆ ವಾರ್ಡನ್, ಆವರಣದ ವೈದ್ಯರು, ತರಗತಿಯ ಸಲಹೆಗಾರ ಅಧ್ಯಾಪಕರು, ಇಷ್ಟೇ ಜನಕ್ಕೆ. ಅದರಲ್ಲಿ ಕಾಯಿಲೆಯ ವಿವರಣೆ ಎರಡೇ ಸಾಲು. ಕೆಳಗೆ ಮಾಡಬೇಕಾದದ್ದು, ಮಾಡಬಾರದ್ದು. ಕಬ್ಬಿಣಾಂಶದ ಔಷಧ ಕೊಡಬಾರದು. ಜ್ವರ ಬಂದರೆ ಬೆಳಗಾಗಲೆಂದು ಕಾಯಬಾರದು, ಏಕೆಂದರೆ ಡಿಫೆರಿಪ್ರೋನ್ ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಜ್ವರ ಕಂಡ ಕೂಡಲೇ ಆ ಕ್ಯಾಪ್ಸೂಲ್ ನಿಲ್ಲಿಸಿ ಅದೇ ದಿನ ರಕ್ತಕಣಗಳ ಎಣಿಕೆ ಮಾಡಿಸಬೇಕು. ಮೊದಲ ಕರಡನ್ನು ನಾನು ಕನ್ನಡ ಮೇಷ್ಟರ ಶೈಲಿಯಲ್ಲಿ ಮೂರು ಪುಟ ಬರೆದಿದ್ದೆ, 'ತಮ್ಮ ಕೃಪಾದೃಷ್ಟಿ ಇರಲಿ' ಎಂದು ಮುಗಿಸಿದ್ದೆ. ಮಗಳು ಕೃಪಾದೃಷ್ಟಿಯನ್ನು ಹೊಡೆದುಹಾಕಿ ಅಲ್ಲಿ ಆಸ್ಪತ್ರೆಯ ದೂರವಾಣಿ ಸಂಖ್ಯೆ ಬರೆದಳು. ಕೋಣೆಯ ಗೆಳತಿಯರಿಗೆ ಹೇಳುವುದನ್ನು ಅವಳಿಗೇ ಬಿಟ್ಟಿದ್ದೇವೆ. ಡಿಫೆರಿಪ್ರೋನ್ ಮೂತ್ರಕ್ಕೆ ಕೆಂಪು ಛಾಯೆ ತರುತ್ತದೆ; ಹತ್ತು ಜನ ಬಳಸುವ ಸ್ನಾನಗೃಹದಲ್ಲಿ ಅದನ್ನು ನೋಡಿ ಯಾರಾದರೂ ಹೆದರುವ ಮೊದಲು ನಾನೇ ಹೇಳುತ್ತೇನೆ ಎಂದು ಅವಳು ಅಮ್ಮನ ಹತ್ತಿರ ಹೇಳಿದ್ದಾಳೆ. ಇಂಥದೊಂದು ಚಿಂತೆ ಇರಬಹುದೆಂಬುದು ನನಗೆ ಹೊಳೆದೇ ಇರಲಿಲ್ಲ.

ನಿಜವಾಗಿ ತಡವಾಗಿ ಆರಂಭಿಸಿದ ಕೆಲಸವೆಂದರೆ ಫೈಲನ್ನು ಅವಳ ಕೈಗೆ ಕೊಡುವುದು. 17 ವರ್ಷ ತುಂಬುವವರೆಗೆ ಅವಳಿಗೆ ತನ್ನ ಮಾತ್ರೆಗಳ ಬಣ್ಣ ಗೊತ್ತಿತ್ತು, ಹೆಸರು ಮತ್ತು ಪ್ರಮಾಣ ಗೊತ್ತಿರಲಿಲ್ಲ. ವೈದ್ಯರು ಅವಳನ್ನು ಪ್ರಶ್ನೆ ಕೇಳಿದರೆ ಉತ್ತರ ನನ್ನ ಬಾಯಿಂದ ಬರುತ್ತಿತ್ತು. ಮೈಯಲ್ಲಿ ಕೂಡಿಕೊಂಡ ಕಬ್ಬಿಣವನ್ನು ತೋರಿಸುವ ಫೆರಿಟಿನ್ 1000ಕ್ಕಿಂತ ಕೆಳಗಿರಬೇಕು ಎಂಬುದು ನನಗೆ ಬಾಯಿಪಾಠ, ಅವಳಿಗೆ ಅದು ಅಪ್ಪನ ಮುಖ ಗಂಟಿಕ್ಕುವ ಒಂದು ಸಂಖ್ಯೆ. ಮೊದಲು ವಾರದ ಮಾತ್ರೆಗಳನ್ನು ಡಬ್ಬಿಗೆ ತುಂಬುವುದನ್ನು ಅವಳಿಗೆ ವಹಿಸಿದೆವು, ಆಮೇಲೆ ಔಷಧದ ಅಂಗಡಿಯ ಲೆಕ್ಕ, ಆಮೇಲೆ ರಕ್ತನಿಧಿಗೆ ಮೂರು ದಿನ ಮುಂಚೆ ಫೋನ್ ಮಾಡುವುದು. ಎರಡನೆಯ ತಿಂಗಳಲ್ಲೇ ಸಿಕ್ಕಿಬಿದ್ದಳು: ಮಧ್ಯಾಹ್ನದ ಕ್ಯಾಪ್ಸೂಲುಗಳು ಕಾಲೇಜು ಚೀಲದ ತಳದಲ್ಲಿ ಒಂದು ಹಿಡಿಯಷ್ಟು ಬಿದ್ದಿದ್ದವು. ನಾನು ಕೂಗಾಡಿದೆ, ಇದನ್ನು ನಂಬಿ ನಿನ್ನನ್ನು ಧಾರವಾಡಕ್ಕೆ ಕಳಿಸುವುದೇ ಎಂದೆ. ಮುಂದಿನ ಸಲ ವೈದ್ಯರು ನನ್ನನ್ನು ಹೊರಗೆ ಕೂರಿಸಿ ಅವಳ ಜೊತೆ ಅರ್ಧ ಗಂಟೆ ಮಾತನಾಡಿದರು. ತರಗತಿಯಲ್ಲಿ ಎಲ್ಲರೆದುರು ನುಂಗಲು ನಾಚಿಕೆ, ಜೊತೆಗೆ ಕೀಲುನೋವು. ಆ ನೋವು ಮಾತ್ರೆಯಿಂದಲೇ ಬರುತ್ತಿರಬಹುದೆಂದು ಹೇಳಿ ಪ್ರಮಾಣವನ್ನೂ ಸಮಯವನ್ನೂ ಬದಲಿಸಿದರು. ನನ್ನೆದುರು ಅವಳು ಕೀಲುನೋವಿನ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ.

ಬಿಡಿಸದೇ ಉಳಿದ ಗಂಟು ಒಂದಿದೆ. ಬಿ.ಎಸ್ಸಿ. ಕೃಷಿಯ ಕೊನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವವೆಂದು ವಿದ್ಯಾರ್ಥಿಗಳು ಹಳ್ಳಿಯಲ್ಲೇ ವಾರಗಟ್ಟಲೆ ಉಳಿದು ರೈತರ ಜೊತೆ ಕೆಲಸ ಮಾಡಬೇಕು. ಯಾವ ಹಳ್ಳಿ, ರಕ್ತನಿಧಿಯಿಂದ ಎಷ್ಟು ದೂರ, ಯಾವ ಬಸ್ಸು ಎಂಬುದೆಲ್ಲ ಆಗಿನ ಮಾತು. ನಾನು ಅದಕ್ಕೂ ಈಗಲೇ ಪಟ್ಟಿ ಮಾಡಲು ಕೂತಿದ್ದೆ. "ನಾ ಹುಟ್ಟಿದ್ದು ಹಳ್ಯಾಗ ಅಲ್ಲೇನಪ್ಪಾ?" ಎಂದು ಮಗಳು ಪುಸ್ತಕ ಮುಚ್ಚಿಸಿದಳು.

ಮೇ 28ಕ್ಕೆ ಅವಳು ಒಬ್ಬಳೇ ಹುಬ್ಬಳ್ಳಿಗೆ ಹೋಗಿ ಬರುವುದೆಂದು ತೀರ್ಮಾನವಾಗಿತ್ತು. ಹಿಂದಿನ ದಿನ ಮಾದರಿ ಕೊಟ್ಟು ಸೋದರತ್ತೆಯ ಮನೆಯಲ್ಲಿ ಉಳಿದಳು. ಬೆಳಿಗ್ಗೆ ಒಂಬತ್ತಕ್ಕೆ ಹಾಸಿಗೆ ಸಿಕ್ಕಿದೆ ಎಂಬ ಸಂದೇಶ ಬಂತು. ಹನ್ನೊಂದಕ್ಕೆ ಫೋನ್: ಬಾಟಲಿಯ ಮೇಲಿನ ಚೀಟಿಯಲ್ಲಿ ಇ ನೆಗೆಟಿವ್ ಎಂದು ಬರೆದಿರಲಿಲ್ಲವಂತೆ, ಅವಳು ಏರಿಸುವುದನ್ನು ತಡೆದು ಲ್ಯಾಮಿನೇಟ್ ಮಾಡಿದ ಚೀಟಿ ತೋರಿಸಿದಳಂತೆ, ಅವರು ರಕ್ತನಿಧಿಗೆ ಕೇಳಿ ಖಚಿತಪಡಿಸಿಕೊಂಡರಂತೆ, ಬಾಟಲಿ ಸರಿಯಾದದ್ದೇ, ಬರೆಯುವುದಷ್ಟೇ ಬಿಟ್ಟುಹೋಗಿತ್ತು. ಅದರಿಂದ ಒಂದು ಗಂಟೆ ತಡವಾಯಿತು, ಸಂಜೆಯ ಬಸ್ಸು ತಪ್ಪಿತು. ರಾತ್ರಿ ಹತ್ತಕ್ಕೆ ಮೋಟೆಬೆನ್ನೂರಿನ ಹೆದ್ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಇಳಿದವಳೇ ಹಸಿವು ಎಂದಳು. ಫೈಲನ್ನು ಅಭ್ಯಾಸಬಲದಿಂದ ತೆಗೆದುಕೊಳ್ಳಲು ಕೈ ಚಾಚಿದೆ; ಅವಳು ಕೊಡಲಿಲ್ಲ, ತನ್ನ ಮತ್ತು ನನ್ನ ಬೆನ್ನಿನ ನಡುವೆ ಇಟ್ಟುಕೊಂಡು ಕೂತಳು.

ಮರುದಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಜೂನ್ 18ಕ್ಕೆ ಗುರುತು ಬಿದ್ದಿತ್ತು. ಈ ಸಲದ್ದು ನೀಲಿ ಪೆನ್ನು, ಕೈಬರಹ ಅವಳದು. ಅಂದು ನನಗೆ ಶಾಲೆಯಿದೆ.